ಗುಲ್ಮದ ಕೋಣೆಯ ಹನ್ನೊಂದು ನಿಮಿಷ

ಗುಲ್ಮ ಅಂದರೆ ಹೊಟ್ಟೆಯ ಎಡಗಡೆ, ಪಕ್ಕೆಲುಬಿನ ಮರೆಯಲ್ಲಿ ಕೂತಿರುವ ಒಂದು ಅಂಗ. ಅದು ಅಲ್ಲಿದೆ ಎಂದು ಗೊತ್ತಾಗುವುದೇ ಅದಕ್ಕೆ ಏಟು ಬಿದ್ದಾಗ. ತೆಗೆದುಹಾಕಿದರೂ ಮನುಷ್ಯ ಬದುಕುತ್ತಾನೆ. ಇಂಥ ಅಂಗದ ಹಿಂದೆ ಇಪ್ಪತ್ತೇಳು ವರ್ಷ ಬಿದ್ದವಳನ್ನು ಸಂಶೋಧನಾ ಸಂಸ್ಥೆಯ ಜನ ಗುಲ್ಮ ಮೇಡಂ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ ಕರೆಯುತ್ತಿದ್ದರು. ಅವಳೂ ಓಗೊಡುತ್ತಿದ್ದಳು.

ಸೋಮವಾರ ಬೆಳಿಗ್ಗೆ ಅವಳ ಮೇಜಿನ ಮೇಲೆ ಒಂದು ಫಾರಂ ಬಂದು ಕೂತಿತ್ತು. ಶುಕ್ರವಾರ ಪರಿಶೀಲನಾ ಸಮಿತಿ ಸೇರುತ್ತದೆ, ಪ್ರತಿ ವಿಭಾಗವೂ ತನ್ನ ಸಂಶೋಧನೆಯ ಪ್ರಭಾವವನ್ನು ತೋರಿಸಬೇಕು, ಪ್ರಭಾವ ಸಾಲದ ವಿಭಾಗಗಳನ್ನು ಮುಚ್ಚಿ ಕೋಣೆಯನ್ನು ಅಗತ್ಯವಿದ್ದವರಿಗೆ ಕೊಡಲಾಗುವುದು ಎಂದು ಅದರಲ್ಲಿತ್ತು. ಪ್ರಭಾವವನ್ನು ಬರೆಯಲು ಒಂದೇ ಒಂದು ಚೌಕ ಬಿಟ್ಟಿದ್ದರು: ಒಟ್ಟು ಉಲ್ಲೇಖಗಳು. ಅಂದರೆ, ಜಗತ್ತಿನ ಬೇರೆ ವಿಜ್ಞಾನಿಗಳು ತಮ್ಮ ಪ್ರಬಂಧದ ಕೊನೆಯ ಪಟ್ಟಿಯಲ್ಲಿ ನಿಮ್ಮ ಪ್ರಬಂಧವನ್ನು ಎಷ್ಟು ಸಲ ಹೆಸರಿಸಿದ್ದಾರೆ ಎಂಬ ಲೆಕ್ಕ.

ಗುಲ್ಮ ಮೇಡಂ ಬರೆದದ್ದು ಮೂವತ್ತೊಂದು ಪ್ರಬಂಧ. ಸಿಕ್ಕಿದ್ದು ತೊಂಬತ್ತನಾಲ್ಕು ಉಲ್ಲೇಖ. ಅದರಲ್ಲಿ ಮೂವತ್ತೆಂಟು ಸಲ ಅವಳನ್ನು ಉಲ್ಲೇಖಿಸಿದವಳು ಅವಳೇ.

ಕಾರಿಡಾರಿನ ಆಚೆ ಬದಿಯ ಹೃದಯ ವಿಭಾಗಕ್ಕೆ ಹದಿನಾಲ್ಕು ಸಾವಿರ ಉಲ್ಲೇಖಗಳಿದ್ದವು. ಆ ವಿಭಾಗದ ಮುಖ್ಯಸ್ಥ ಶನಿವಾರವೇ ಅಳತೆಯ ಟೇಪು ಹಿಡಿದು ಗುಲ್ಮದ ಕೋಣೆಗೆ ಬಂದಿದ್ದ.

“ಸುಮ್ನೆ ನೋಡ್ತಿದೀನಿ ಮೇಡಂ. ನಮ್ಮ ಹೊಸ ಯಂತ್ರ ಎಲ್ಲಿ ಹಿಡಿಸುತ್ತೋ ಅಂತ.”

ಉತ್ತರ ಕೊಟ್ಟವಳು ಬ್ಲೇಡಕ್ಕ. ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿ, ಆ ಮೇಣದ ಅಚ್ಚನ್ನು ಯಂತ್ರದ ಬ್ಲೇಡಿಗೆ ಕೊಟ್ಟು, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಸೀಳಿ ಗಾಜಿನ ಸ್ಲೈಡಿನ ಮೇಲೆ ಕೂರಿಸುವುದು ಅವಳ ಕೆಲಸ. ಆ ಕೋಣೆಯಲ್ಲಿ ಅವಳು ಮೇಡಂಗಿಂತ ಎರಡು ವರ್ಷ ಹಳಬಳು. ಹೆಸರು ಬ್ಲೇಡಿನಿಂದ ಬಂತೋ ಬಾಯಿಂದ ಬಂತೋ ಎಂಬುದರಲ್ಲಿ ಸಂಸ್ಥೆಯಲ್ಲಿ ಎರಡು ಪಂಗಡಗಳಿದ್ದವು.

“ಇನ್ನೂ ಉಸಿರಾಡ್ತಿರೋರ ಅಳತೆ ತಗೋಬಾರ್ದು ಸಾರ್,” ಎಂದಿದ್ದಳು ಬ್ಲೇಡಕ್ಕ. “ಅಪಶಕುನ.”

ಫಾರಮಿನ ಅಂಕಿಯನ್ನು ಗ್ರಂಥಪಾಲಕ ಪರೀಕ್ಷಿಸಿ ಮೊಹರು ಹಾಕಬೇಕಿತ್ತು. ಅವನು ಆ ಜಾತಿಯ ಮನುಷ್ಯ, ಪುಸ್ತಕ ಹಿಂದಿರುಗಿಸಿದರೆ ಪುಟ ಎಣಿಸಿ ತಗೊಳ್ಳುವವನು. ಮಂಗಳವಾರ ಮೇಡಂ ತೊಂಬತ್ತನಾಲ್ಕು ಎಂದು ಬರೆದು ಹಾಳೆಯನ್ನು ಮಗುಚಿ ಅವನ ಮುಂದಿಟ್ಟಳು. ಅವನು ತಿರುಗಿಸಿ ನೋಡಿದ, ಗಣಕಯಂತ್ರದಲ್ಲಿ ಏನೋ ಹುಡುಕಿದ, ಕನ್ನಡಕ ಹಣೆಗೇರಿಸಿದ.

“ಮೇಡಂ, ಮದುವೆಗೆ ಮುಂಚೆ ಏನಾದ್ರೂ ಬರೆದಿದ್ರಾ?”

“ಮದುವೆಗೆ ಮುಂಚೆ ಪ್ರೇಮಪತ್ರಾನೂ ಬರೆದಿಲ್ಲ. ಮೊಹರು ಹಾಕಿ.”

“ತಡೀರಿ. ಇಲ್ಲೊಬ್ಬರಿದ್ದಾರೆ. ಇದೇ ಸಂಸ್ಥೆ, ಇದೇ ಕೋಣೆ, ನಿಮ್ಮದೇ ಹೆಸರು, ಕೊನೆಗಿರೋ ಮನೆತನದ ಹೆಸರು ಮಾತ್ರ ಬೇರೆ. ಬರೆದಿರೋದು ಒಂದೇ ಒಂದು ಪೇಪರ್. ಎರಡು ಪುಟ.”

ಮೇಡಂ ಮುಖ ಬಿಸಿಯಾಯಿತು. ಅದು ಅವಳದೇ. ಕೆಲಸಕ್ಕೆ ಸೇರಿದ ಮೊದಲ ವರ್ಷ, ತವರಿನ ಹೆಸರಿನಲ್ಲಿ ಬರೆದದ್ದು. ಗುಲ್ಮದ ಸೀಳು ಹರಿಯದೆ ಬರಬೇಕಾದರೆ ಮೇಣದ ಅಚ್ಚನ್ನು ಐಸ್ ನೀರಿನಲ್ಲಿ, ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಹನ್ನೊಂದು ನಿಮಿಷ ನೆನೆಸಿಡಿ. ಅಷ್ಟೇ ವಿಷಯ. ಸೋಪಿನ ನೀರನ್ನು ಸಂಶೋಧನೆ ಎನ್ನಲು ನಾಚಿಕೆಯಾಗಿ, ತನ್ನ ಪಟ್ಟಿಗೇ ಅದನ್ನು ಸೇರಿಸಿರಲಿಲ್ಲ.

“ಅದು ಬಿಡಿ. ಅದೇನು ದೊಡ್ಡದಲ್ಲ.”

“ಎರಡು ಸಾವಿರದ ಮುನ್ನೂರ ಹದಿನಾರು,” ಎಂದ ಗ್ರಂಥಪಾಲಕ.

“ಏನದು?”

“ಉಲ್ಲೇಖ.”

ಮೇಡಂ ಪಕ್ಕದ ಸ್ಟೂಲಿನ ಮೇಲೆ ಕೂತಳು. ಅದರ ಮೇಲೆ ಅಂಟಿನ ಡಬ್ಬಿ ಇದ್ದದ್ದು ಕೂತ ಮೇಲೆ ಗೊತ್ತಾಯಿತು.

ಗ್ರಂಥಪಾಲಕ ಪರದೆಯನ್ನು ಅವಳತ್ತ ತಿರುಗಿಸಿದ. ಮೂಳೆಯವರು ಆರುನೂರಕ್ಕೂ ಹೆಚ್ಚು. ಹೃದಯದವರು ನಾನೂರು. ಮೂತ್ರಪಿಂಡ, ಕಣ್ಣು, ಚರ್ಮ, ಹಲ್ಲು, ಮೆದುಳು, ಒಟ್ಟು ಹದಿನಾಲ್ಕು ಕ್ಷೇತ್ರ. ಯಾವನೋ ಒಬ್ಬ ಕುದುರೆಯ ಗೊರಸಿಗೂ ಬಳಸಿದ್ದ. ಎಲ್ಲರ ಪ್ರಬಂಧದಲ್ಲೂ ಒಂದೇ ಸಾಲು: ಅಚ್ಚನ್ನು ಹನ್ನೊಂದು ನಿಮಿಷ ನೆನೆಸಲಾಯಿತು.

“ಗುಲ್ಮದವರು?”

“ಒಬ್ಬರೂ ಇಲ್ಲ ಮೇಡಂ.”

ಹೃದಯ ವಿಭಾಗದ ಗೋಡೆಯ ಮೇಲೆ ‘೧೧ ನಿಮಿಷ’ ಎಂದು ಅಂಟಿಸಿದ್ದ ಚೀಟಿಯನ್ನು ಅವಳು ವರ್ಷಗಟ್ಟಲೆ ನೋಡಿದ್ದಳು. ಬ್ಲೇಡಕ್ಕ ಹೇಳಿಕೊಟ್ಟಿರಬೇಕು ಅಂದುಕೊಂಡು ಸುಮ್ಮನಾಗಿದ್ದಳು. ಕಾಲಿಗೆ ತೊಡರಿದ ಬಳ್ಳಿಯನ್ನು ಬಿಟ್ಟು ಇಪ್ಪತ್ತೇಳು ವರ್ಷ ಬೆಟ್ಟವೆಲ್ಲ ಹುಡುಕಿದ ಹಾಗಾಗಿತ್ತು.

“ಇದನ್ನ ಸೇರಿಸಿದ್ರೆ ನಿಮ್ಮ ಎಚ್ ಅಂಕಿಯೂ ಏರುತ್ತೆ,” ಎಂದ ಗ್ರಂಥಪಾಲಕ ಉತ್ಸಾಹದಿಂದ. ಕನಿಷ್ಠ ಐದು ಉಲ್ಲೇಖ ಪಡೆದ ಪ್ರಬಂಧಗಳು ಐದಿದ್ದರೆ ಆ ಅಂಕಿ ಐದು, ಹತ್ತು ಪಡೆದವು ಹತ್ತಿದ್ದರೆ ಹತ್ತು. ವಿಜ್ಞಾನಿಗಳು ಪರಸ್ಪರ ಮೂಗು ಮುರಿಯುವುದಕ್ಕೆ ಮಾಡಿಕೊಂಡ ಲೆಕ್ಕ.

“ಈಗ ಐದಿದೆ. ಎಷ್ಟಾಗುತ್ತೆ?”

ಅವನು ಲೆಕ್ಕ ಹಾಕಿದ. ಉತ್ಸಾಹ ಇಳಿಯಿತು. “ಆರು.”

“ಎರಡು ಸಾವಿರದ ಮುನ್ನೂರಕ್ಕೆ ಒಂದು?”

“ಅದು ಹಾಗೇ ಮೇಡಂ. ಒಂದೇ ಮಗು ಎಷ್ಟು ದಪ್ಪ ಇದ್ರೂ ಮನೇಲಿ ಒಂದೇ ಮಗು ತಾನೆ.”

ಇಬ್ಬರೂ ನಕ್ಕರು. ಅವನು ತೊಂಬತ್ತನಾಲ್ಕನ್ನು ಹೊಡೆದುಹಾಕಿ, ಎರಡು ಸಾವಿರದ ನಾನೂರ ಹತ್ತು ಎಂದು ಬರೆದು ಮೊಹರು ಒತ್ತಿದ. ಆಮೇಲೆ ಒಂದು ಮಾತು ಸೇರಿಸಿದ. ಸೇರಿಸಬಾರದಿತ್ತು.

“ಶುಕ್ರವಾರದ ಸಮಿತಿ ಅಧ್ಯಕ್ಷರಿಗಂತೂ ಖುಷಿಯೋ ಖುಷಿ. ಇದರ ಮೇಲೆ ಅವರೇ ಒಂದು ಪೇಪರ್ ಬರೆದಿದ್ದಾರೆ ನೋಡಿ. ಹನ್ನೊಂದು ನಿಮಿಷವೇ ಏಕೆ ಅಂತ. ಹದಿನಾಲ್ಕು ಪುಟ.”

ಅಧ್ಯಕ್ಷ ಬೇರೆ ಊರಿನ ದೊಡ್ಡ ಮೂಳೆ ಪ್ರೊಫೆಸರ್. ಮೇಣದೊಳಗೆ ನೀರು ಎಷ್ಟು ವೇಗದಲ್ಲಿ ಇಳಿಯುತ್ತದೆ ಎಂದು ಸಮೀಕರಣಗಳಲ್ಲಿ ಸಾಧಿಸಿ, ಹತ್ತು ಕಡಿಮೆ, ಹನ್ನೆರಡು ಹೆಚ್ಚು, ಹನ್ನೊಂದೇ ಪರಮ ಎಂದು ಕೊನೆ ಮುಟ್ಟಿಸಿದ್ದ. ಮೇಡಂ ಕೂತಲ್ಲೇ ಓದಿದಳು. ಎಂಟನೇ ಪುಟಕ್ಕೆ ಬರುವಷ್ಟರಲ್ಲಿ ಅವಳ ನಗು ಒಣಗಿತ್ತು. ಯಾಕೆಂದರೆ ಹನ್ನೊಂದು ನಿಮಿಷ ಯಾಕೆ ಎಂಬುದು ಜಗತ್ತಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು.

ಆ ಎರಡನೆಯವಳು ಕೋಣೆಯಲ್ಲಿ ಬ್ಲೇಡು ಒರೆಸುತ್ತಿದ್ದಳು.

“ಅಕ್ಕಾ, ಆ ಸೋಪಿನ ನೀರಿನ ದಿನ ನೆನಪಿದ್ಯಾ?”

“ಯಾಕಿಲ್ಲ? ಬೆಳಗಿಂದ ಗುಲ್ಮ ಚಿಂದಿ ಚಿಂದಿ ಆಗಿ ಬರ್ತಿತ್ತು. ನೀನು ಆಗ ಹೊಸಬಳು, ಕಣ್ಣೀರು ಹಾಕ್ಕೊಂಡು ಕೂತಿದ್ದೆ. ನಾನು, ಹಾಳಾಗ್ಹೋಗಲಿ ಬಾರೇ ಚಹಾ ಕುಡಿದು ಬರೋಣ ಅಂತ, ಅಚ್ಚನ್ನ ಲೋಟ ತೊಳೆಯೋ ಸೋಪು ಬಿದ್ದಿದ್ದ ಐಸ್ ನೀರಲ್ಲಿ ಎಸೆದು ಹೋದೆ. ಬಂದು ನೋಡಿದ್ರೆ ರೇಷ್ಮೆ ಹಾಗೆ ಬಂತು.”

“ಹೋಗಿ ಬರೋಕೆ ಎಷ್ಟು ಹೊತ್ತಾಗಿತ್ತು?”

“ಹನ್ನೊಂದು ನಿಮಿಷ. ನೀನೇ ಗಡಿಯಾರ ನೋಡಿ ಬರಕೊಂಡೆಯಲ್ಲ, ಮಹಾ ವಿಜ್ಞಾನಿ ಥರ.”

ಮೇಡಂ ಮೂಳೆ ಪ್ರೊಫೆಸರನ ಹದಿನಾಲ್ಕು ಪುಟ ತೋರಿಸಿದಳು. ವಿಷಯ ಕೇಳಿ ಬ್ಲೇಡಕ್ಕ ಮೊದಲು ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಕೈ ತೆಗೆದು ನಕ್ಕಳು. ನಕ್ಕು ನಕ್ಕು ಕೆಮ್ಮು ಹತ್ತಿ, ಮೇಡಂ ಬೆನ್ನು ತಟ್ಟಬೇಕಾಯಿತು.

“ಅಯ್ಯೋ ಶಿವನೇ. ಆವತ್ತು ಕ್ಯಾಂಟೀನಲ್ಲಿ ಸಾಲು ಉದ್ದ ಇದ್ದಿದ್ರೆ ಇಡೀ ಲೋಕ ಇಪ್ಪತ್ತು ನಿಮಿಷ ಕಾಯಬೇಕಿತ್ತಲ್ಲೇ!”

“ನಗಬೇಡ ಅಕ್ಕ. ಶುಕ್ರವಾರ ಅವರು ಕೇಳೇ ಕೇಳ್ತಾರೆ. ನಾನು ಏನು ಹೇಳ್ಲಿ?”

“ಹೇಳೋದೇನು? ಬಹಳ ಪ್ರಯೋಗ ಮಾಡಿ ಕಂಡುಕೊಂಡ್ವಿ ಅನ್ನು. ಕೋಣೆ ಉಳಿಯುತ್ತೆ. ಅವರ ಮುಖಾನೂ ಉಳಿಯುತ್ತೆ.”

ಮನೆಯಲ್ಲೂ ಅದೇ ಸಲಹೆ ಸಿಕ್ಕಿತು. ಗಂಡ ಕಾರು ಓಡಿಸುವುದನ್ನು ಕಲಿಸುವ ಶಾಲೆಯ ಮೇಷ್ಟ್ರು. ದಿನವಿಡೀ ಪಕ್ಕದ ಸೀಟಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂತು ಬಂದವನಿಗೆ ವಿಜ್ಞಾನದ ನೀತಿ ಸಂಕಟಗಳು ಅಷ್ಟು ದೊಡ್ಡದಾಗಿ ಕಾಣುತ್ತಿರಲಿಲ್ಲ.

“ಕೇಳಿದ್ರೆ ತಾನೆ ಹೇಳೋದು? ಕೇಳದೆ ಇದ್ರೆ ಬಾಯಿ ಮುಚ್ಕೊಂಡಿರು.”

“ಕೇಳ್ತಾರೆ ರೀ. ಹದಿನಾಲ್ಕು ಪುಟ ಬರೆದೋರು ಕೇಳದೆ ಬಿಡ್ತಾರಾ?”

“ಹಾಗಾದ್ರೆ ಒಂದು ಸುಳ್ಳು ಹೇಳು. ಇಪ್ಪತ್ತೇಳು ವರ್ಷಕ್ಕೆ ಒಂದು. ಜಾಸ್ತಿ ಏನಲ್ಲ.”

ಅತ್ತೆ ತಟ್ಟೆಯಿಂದ ತಲೆಯೆತ್ತಿದರು. ಸೊಸೆಯ ಕೆಲಸದ ಬಗ್ಗೆ ಅವರಿಗೆ ಮೊದಲಿಂದಲೂ ಒಂದೇ ಪ್ರಶ್ನೆ. “ಆ ಗುಲ್ಮ ತೆಗೆದ್ರೂ ಮನುಷ್ಯ ಬದುಕ್ತಾನೆ ಅಂತೀಯಲ್ಲ?”

“ಬದುಕ್ತಾನೆ ಅತ್ತೆ.”

“ಮತ್ತೆ ಯಾಕಮ್ಮ ಇಷ್ಟು ಒದ್ದಾಟ?”

“ಬದುಕ್ತಾನೆ. ಆದ್ರೆ ಸಣ್ಣ ಜ್ವರ ಬಂದ್ರೂ ಹೆದರಿಕೊಂಡು ಬದುಕಬೇಕಾಗುತ್ತೆ.”

“ಹಾಗೆ ಹೇಳು ಮತ್ತೆ,” ಎಂದರು ಅತ್ತೆ, ಸಮಿತಿಯ ತೀರ್ಪನ್ನು ತಾವೇ ಕೊಟ್ಟಂತೆ.

ಬುಧವಾರ ಮೇಡಂ ಬೇಗ ಎದ್ದು ಹೋದಳು. ಸುಳ್ಳು ಹೇಳಲು ಅವಳಿಗೆ ಧರ್ಮಸಂಕಟವೇನೂ ಇರಲಿಲ್ಲ, ನೆರೆಮನೆಯವರ ಅಡುಗೆಯನ್ನು ಅವಳು ದಿನವೂ ಹೊಗಳುತ್ತಿದ್ದಳು. ಅವಳನ್ನು ಕೊರೆಯುತ್ತಿದ್ದದ್ದು ಬೇರೆ. ಹನ್ನೊಂದು ಯಾಕೆ ಅಂತ ಗೊತ್ತಿತ್ತು, ಹನ್ನೊಂದು ಬೇಕೋ ಬೇಡವೋ ಅಂತ ಗೊತ್ತಿರಲಿಲ್ಲ. ಹದಿನಾಲ್ಕು ಕ್ಷೇತ್ರಗಳಲ್ಲಿ ಒಬ್ಬನೂ ಪರೀಕ್ಷಿಸಿರಲಿಲ್ಲ. ಮೂಳೆ ಪ್ರೊಫೆಸರ್ ಸಮೀಕರಣ ಬರೆದಿದ್ದನೇ ಹೊರತು ಒಂದೇ ಒಂದು ಅಚ್ಚನ್ನು ನೀರಿಗೆ ಹಾಕಿರಲಿಲ್ಲ. ಒಬ್ಬ ಬರೆದ, ಇನ್ನೊಬ್ಬ ನಕಲು ಮಾಡಿದ, ಕುರುಡ ಕುರುಡನ ಕೈ ಹಿಡಿದು ಮೆರವಣಿಗೆ ಹೊರಟಿತ್ತು. ಮುಂದೆ ನಿಂತಿದ್ದವಳು ಅವಳೇ.

“ಅಕ್ಕ, ಇವತ್ತು ಬರೀ ನೆನೆಸೋದು. ಏನೂ ನೆನೆಸದೇ ಇರೋದು, ಆಮೇಲೆ ಎರಡು ನಿಮಿಷ, ನಾಲ್ಕು, ಆರು, ಎಂಟು, ಹನ್ನೊಂದು, ಹದಿನೈದು, ಇಪ್ಪತ್ತು. ಒಂದೊಂದಕ್ಕೂ ಐದೈದು ಅಚ್ಚು. ಗುಲ್ಮ ಒಂದೇ ಸಾಲಲ್ಲ. ಮೂಳೆ, ಹೃದಯ ಎಲ್ಲಿ ಸಿಗುತ್ತೆ?”

“ಹೃದಯ ನಾನು ತರ್ತೀನಿ,” ಎಂದು ಹೋದ ಬ್ಲೇಡಕ್ಕ, ಕಾರಿಡಾರಿನ ಆಚೆಯಿಂದ ಹಳೇ ಅಚ್ಚುಗಳ ಒಂದು ತಟ್ಟೆಯನ್ನೇ ಹೊತ್ತು ತಂದಳು. “ನಮ್ಮ ಕೋಣೇನೇ ಕೇಳಿದಾರಂತೆ, ನಾವು ನಲವತ್ತು ಅಚ್ಚು ಕೇಳಿದ್ರೆ ಕೊಡಲ್ವಾ!” ಮೂಳೆಯ ಅಚ್ಚುಗಳು ಕೆಳಗಿನ ಮಹಡಿಯಲ್ಲಿ ಸಿಕ್ಕವು.

ಯಾವ ಸ್ಲೈಡು ಎಷ್ಟು ನಿಮಿಷದ್ದು ಎಂದು ನೋಡುವವರಿಗೆ ಗೊತ್ತಿರಬಾರದಿತ್ತು. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನು ನೋಡುತ್ತದೆ. ಬ್ಲೇಡಕ್ಕ ಸಂಖ್ಯೆಗಳ ಮೇಲೆ ಕಾಗದ ಅಂಟಿಸಿದಳು. ನೋಡಲು ಗ್ರಂಥಪಾಲಕನನ್ನು ಕರೆಸಿದರು, ಅವನಿಗೆ ಗುಲ್ಮವೂ ಒಂದೇ ಗೊರಸೂ ಒಂದೇ.

“ನಂಗೇನೂ ಗೊತ್ತಾಗಲ್ಲ ಮೇಡಂ.”

“ಅದಕ್ಕೇ ಕರೆದಿದ್ದು. ಹರಿದಿದ್ಯಾ, ನೆಟ್ಟಗಿದ್ಯಾ, ಅಷ್ಟು ಹೇಳಿ ಸಾಕು.”

ಪುಟ ಎಣಿಸುವ ಮನುಷ್ಯ ಸ್ಲೈಡುಗಳನ್ನೂ ಹಾಗೇ ನೋಡಿದ. ಹರಿದಿದೆ. ಹರಿದಿದೆ. ನೆಟ್ಟಗಿದೆ. ಇದು ಮಡಚಿಕೊಂಡಿದೆ, ಮಡಚಿಕೊಂಡಿದ್ದಕ್ಕೆ ಏನು ಹೇಳಲಿ? ಇದರ ಮೇಲೆ ಯಾರದೋ ಕೂದಲಿದೆ. “ನಂದಲ್ಲ,” ಎಂದಳು ಬ್ಲೇಡಕ್ಕ, “ನಂದು ಬೆಳ್ಳಗಿದೆ.” ಗುರುವಾರ ಮಧ್ಯಾಹ್ನ ಕೊನೆಯ ಸ್ಲೈಡು ಮುಗಿಯಿತು. ಮೇಡಂ ಅಂಟಿಸಿದ ಕಾಗದಗಳನ್ನು ಕಿತ್ತು ಪಟ್ಟಿ ಮಾಡಿದಳು.

ನೆನೆಸದೆ ಇಟ್ಟದ್ದು, ಎರಡು ನಿಮಿಷದ್ದು ಹೆಚ್ಚುಕಡಿಮೆ ಎಲ್ಲವೂ ಹರಿದಿದ್ದವು. ನಾಲ್ಕಕ್ಕೆ ಅರ್ಧ. ಆರರಿಂದ ಇಪ್ಪತ್ತರವರೆಗೆ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಗುಲ್ಮವಿರಲಿ, ಹೃದಯವಿರಲಿ, ಮೂಳೆಯಿರಲಿ, ಆರು ನಿಮಿಷ ಸಾಕಿತ್ತು.

“ಹಾಗಾದ್ರೆ ಇಷ್ಟು ವರ್ಷ ಲೋಕದಲ್ಲಿ ಎಲ್ಲರೂ ಐದೈದು ನಿಮಿಷ ಸುಮ್ನೆ ಕೂತಿದ್ರಾ?” ಎಂದಳು ಬ್ಲೇಡಕ್ಕ.

“ಕೂತಿದ್ರು.”

“ಪುಣ್ಯ ಬಂತು ಬಿಡು ನಮಗೆ. ಕೆಲಸದ ಜಾಗದಲ್ಲಿ ಐದು ನಿಮಿಷ ಬಿಡುವು ಯಾರು ಕೊಡ್ತಾರೆ?”

ಶುಕ್ರವಾರ ಸಮಿತಿ ಸೇರಿದ್ದು ಉದ್ದನೆಯ ಮೇಜಿನ ಕೋಣೆಯಲ್ಲಿ. ಒಂದು ಬದಿಗೆ ಮೂಳೆ ಪ್ರೊಫೆಸರ್, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ದನಿ. ಪಕ್ಕದಲ್ಲಿ ಹೃದಯ ವಿಭಾಗದ ಮುಖ್ಯಸ್ಥ, ಜೇಬಿನಲ್ಲಿ ಟೇಪಿನ ಉಬ್ಬು ಹಾಗೇ ಇತ್ತು. ಕೊನೆಯಲ್ಲಿ ನಡಾವಳಿ ಬರೆಯುವ ಕಚೇರಿಯ ಗುಮಾಸ್ತೆ, ಫಾರಮಿನ ಒಂದೊಂದು ಚೌಕವನ್ನೂ ಸ್ವತಃ ಹೆತ್ತವಳಂತೆ ಕಾಯುತ್ತಿದ್ದವಳು.

ಅಧ್ಯಕ್ಷ ಫಾರಂ ನೋಡಿದ. ಜೊತೆಗಿದ್ದ ಪಟ್ಟಿಯಲ್ಲಿ ಪ್ರಬಂಧದ ಹೆಸರು ನೋಡಿದ. ಎದ್ದು ನಿಂತು ಕೈ ಚಾಚಿದ.

“ಆ ಹನ್ನೊಂದು ನಿಮಿಷ ನೀವಾ ತಾಯಿ? ನಾನು ನೀವು ಸತ್ತಿದೀರ ಅಂತ ತಿಳಿದಿದ್ದೆ!”

“ಇನ್ನೂ ಇಲ್ಲ ಸಾರ್.”

“ಅದರ ಮೇಲೆ ನಾನೊಂದು ಪೇಪರ್ ಬರೆದಿದೀನಿ.”

“ಓದಿದೆ ಸಾರ್. ಹದಿನಾಲ್ಕು ಪುಟ.”

“ನಂಗೆ ಹದಿನಾಲ್ಕು ಪುಟ ಬೇಕಾಯ್ತು. ನೀವು ಎರಡು ಪುಟದಲ್ಲಿ ಹೇಳಿಬಿಟ್ರಿ. ಹೇಳಿ, ಆ ಕಾಲದಲ್ಲಿ ಹನ್ನೊಂದು ಅಂತ ಹೇಗೆ ಹೊಳೀತು?”

‘ಬಹಳ ಪ್ರಯೋಗ ಮಾಡಿ’ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು ಕೂತಿತ್ತು. ನುಂಗಿದಳು. ಪ್ರಯೋಗ ನಿನ್ನೆಯವರೆಗೂ ಆಗಿರಲಿಲ್ಲ, ನಿನ್ನೆ ಆಗಿತ್ತು, ಅದು ಹೇಳಿದ್ದು ಬೇರೆ.

“ಕ್ಯಾಂಟೀನಿಗೆ ಹೋಗಿ ಚಹಾ ಕುಡಿದು ಬರೋಕೆ ಅಷ್ಟು ಹೊತ್ತಾಯ್ತು ಸಾರ್.”

ಗುಮಾಸ್ತೆಯ ಪೆನ್ನು ನಿಂತಿತು.

ಮೇಡಂ ತನ್ನ ಪಟ್ಟಿಯನ್ನು ಮೇಜಿನ ಮೇಲೆ ಸರಿಸಿದಳು. “ಈ ವಾರ ಪರೀಕ್ಷೆ ಮಾಡಿದ್ವಿ. ಆರು ಸಾಕು.”

ಅಧ್ಯಕ್ಷ ಪಟ್ಟಿಯನ್ನು ಎತ್ತಿಕೊಂಡ. ಮುಖ ಬೀಟ್ರೂಟಿನ ಬಣ್ಣಕ್ಕೆ ತಿರುಗಿತು. ಎಷ್ಟು ಅಚ್ಚು? ನೀರು ಎಷ್ಟು ತಣ್ಣಗಿತ್ತು? ನೋಡಿದವರಿಗೆ ನಿಮಿಷ ಗೊತ್ತಿತ್ತೇ? ಪ್ರಶ್ನೆಗಳು ಒಂದರ ಹಿಂದೊಂದು ಬಂದವು, ದನಿ ಪ್ರತಿ ಪ್ರಶ್ನೆಗೂ ಸ್ವಲ್ಪ ಇಳಿಯಿತು.

“ಹಾಗಾದ್ರೆ ನನ್ನ ಲೆಕ್ಕ?”

“ನಿಮ್ಮ ಲೆಕ್ಕದ ಹಾಗೇ ನೀರು ಒಳಗೆ ಹೋಗುತ್ತೆ ಸಾರ್. ಆದ್ರೆ ಆರರಲ್ಲೇ ಹೋಗಿ ಮುಗಿದಿರುತ್ತೆ. ಆಮೇಲೆ ಅದೂ ನಮ್ಮ ಹಾಗೆ ಸುಮ್ನೆ ಕೂತಿರುತ್ತೆ.”

ಹೃದಯದ ಮುಖ್ಯಸ್ಥ ಗಂಟಲು ಸರಿಮಾಡಿಕೊಂಡ. “ಅಂದ್ರೆ ಈ ಎರಡು ಸಾವಿರ ಚಿಲ್ಲರೆ ಉಲ್ಲೇಖ ಸಿಕ್ಕಿದ್ದು ಸಂಶೋಧನೆಗಲ್ಲ, ಚಹಾಕ್ಕೆ. ಇದನ್ನ ಲೆಕ್ಕಕ್ಕೆ ಹಿಡಿಯೋದು ನ್ಯಾಯವಲ್ಲ.”

ಅಧ್ಯಕ್ಷ ಅವನ ಕಡೆ ತಿರುಗಿದ. ಅವಮಾನ ಇಳಿಸಲು ಅವನಿಗೊಂದು ಜಾಗ ಬೇಕಿತ್ತು, ಅದು ತಾನಾಗಿ ಸಿಕ್ಕಿತು. “ನೀವೂ ನಾಲ್ಕೈದು ಪೇಪರಲ್ಲಿ ಬರೆದಿದೀರಲ್ಲ ಮಾರಾಯರೇ, ‘ಎಚ್ಚರಿಕೆಯಿಂದ ನಿರ್ಧರಿಸಿದ ಹನ್ನೊಂದು ನಿಮಿಷ’ ಅಂತ. ಯಾರು ನಿರ್ಧರಿಸಿದ್ದು?”

“ಅದು... ಎಲ್ಲರೂ ಹಾಗೇ ಬರೀತಾರೆ.”

“ನಿಮ್ಮ ಹದಿನಾಲ್ಕು ಸಾವಿರದಲ್ಲಿ ಹೀಗೆ ಎಲ್ಲರೂ ಬರೆಯೋದು ಎಷ್ಟಿದ್ಯೋ.”

“ಸಾರ್,” ಎಂದಳು ಗುಮಾಸ್ತೆ ಕೊನೆಯಿಂದ, “ಫಾರಮಿನಲ್ಲಿ ಒಟ್ಟು ಉಲ್ಲೇಖ ಅಂತ ಇದೆ. ಯಾಕೆ ಬಂತು ಅಂತ ಬರೆಯೋಕೆ ಚೌಕ ಇಲ್ಲ.”

ಆಮೇಲೆ ಅಧ್ಯಕ್ಷನ ದೊಡ್ಡ ಹೊಟ್ಟೆ ಅಲುಗಲು ಶುರುವಾಯಿತು. ನಗು ಮೊದಲು ಅಲ್ಲಿಂದ ಎದ್ದು ಬಾಯಿಗೆ ಬರಲು ತುಸು ಹೊತ್ತು ತಗೊಂಡಿತು. ಕಣ್ಣೊರೆಸಿಕೊಂಡು ಹೇಳಿದ, “ಗುಲ್ಮದ ಕೋಣೆ ಇನ್ನು ಮೂರು ವರ್ಷ ಹಾಗೇ ಇರಲಿ ಅಂತ ಬರೀರಿ. ಆದ್ರೆ ತಾಯಿ, ಇದನ್ನ ಪ್ರಕಟಿಸಬೇಕು. ನಾನು ಎಡವಿದ್ದನ್ನ ಬೇರೆಯವರು ಹೇಳೋದಕ್ಕಿಂತ ನಾನೇ ಹೇಳ್ತೀನಿ. ನನ್ನ ಹೆಸರೂ ಹಾಕಿ.”

“ಹಾಕ್ತೀನಿ ಸಾರ್. ನಾಲ್ಕನೇದು.”

“ನಾಲ್ಕಾ? ಮಧ್ಯದಲ್ಲಿ ಯಾರು?”

“ಅಚ್ಚು ನೆನೆಸಿದ ಅಕ್ಕ, ಸ್ಲೈಡು ನೋಡಿದ ಗ್ರಂಥಪಾಲಕರು.”

ಅವಳು ಕಾರಿಡಾರಿಗೆ ಬಂದಾಗ ಬ್ಲೇಡಕ್ಕ ಬಾಗಿಲಲ್ಲೇ ನಿಂತಿದ್ದಳು. ಮೇಡಂ ಮೂರು ಬೆರಳು ತೋರಿಸಿದಳು.

“ಮೂರು ದಿನಾನಾ?” ಎಂದಳು ಬ್ಲೇಡಕ್ಕ ಗಾಬರಿಯಿಂದ.

“ಮೂರು ವರ್ಷ.”

“ಹಾಗೆ ಬಾಯಲ್ಲಿ ಹೇಳೇ ಪುಣ್ಯಾತ್ಗಿತ್ತಿ! ಎದೆ ಒಡೆದು ಹೋಗಿದ್ರೆ ಹೃದಯದೋರು ಅದನ್ನೂ ಅಚ್ಚು ಹಾಕ್ತಿದ್ರು.”

‘ಆರು ನಿಮಿಷ ಸಾಕು’ ಎಂಬ ಪ್ರಬಂಧ ಪ್ರಕಟವಾಗಿ ಒಂದು ವರ್ಷಕ್ಕೆ ಅದಕ್ಕೆ ನಾಲ್ಕು ಉಲ್ಲೇಖ ಬಂತು. ಹಳೆಯ ಹನ್ನೊಂದಕ್ಕೆ ಅದೇ ವರ್ಷ ಇನ್ನೂರ ಮೂರು. ಹೊಸ ನಾಲ್ಕರಲ್ಲಿ ಒಂದು ಎಲ್ಲೋ ದೂರದ ಊರಿನ ಗುಲ್ಮದವನದು. ಸೋಪಿನ ನೀರು ಹುಡುಕಿಕೊಂಡು ಬಂದವನು ಅವಳ ಹೆಸರಿನ ಕೆಳಗಿದ್ದ ಉಳಿದ ಪ್ರಬಂಧಗಳನ್ನೂ ನೋಡಿದ್ದ, ಅವಳ ಹನ್ನೆರಡನೆಯ ಪ್ರಬಂಧವನ್ನೂ ಪಟ್ಟಿಗೆ ಸೇರಿಸಿದ್ದ. ತೊಂಬತ್ತನಾಲ್ಕು ತೊಂಬತ್ತೈದಾಗಿತ್ತು. ಗ್ರಂಥಪಾಲಕ ಅದನ್ನು ಹೇಳಲು ಫೋನು ಬಿಟ್ಟು ಎರಡು ಮಹಡಿ ಹತ್ತಿ ಬಂದ. ಮೇಡಂ ಆ ದೂರದ ಊರಿನವನ ಪ್ರಬಂಧವನ್ನು ತರಿಸಿ, ಅವನು ತನ್ನದನ್ನು ನಿಜಕ್ಕೂ ಓದಿದ್ದಾನೋ ಇಲ್ಲವೋ ಎಂದು ಸಾಲು ಸಾಲು ಪರೀಕ್ಷಿಸಿದಳು. ಓದಿದ್ದ. ಒಂದು ಕಡೆ ಜಗಳವನ್ನೂ ತೆಗೆದಿದ್ದ. ಅವಳಿಗೆ ಊಟ ಮಾಡಿದಷ್ಟು ತೃಪ್ತಿಯಾಯಿತು, ಉತ್ತರ ಬರೆಯಲು ಕೂತಳು.

ಬರೆಯುತ್ತಾ ತಲೆಯೆತ್ತಿದರೆ, ಬ್ಲೇಡಕ್ಕ ಅಚ್ಚುಗಳನ್ನು ನೀರಿಗೆ ಹಾಕಿ, ನಿಮಿಷ ಮುಗಿದಾಗ ಬಡಿಯುವ ಗಂಟೆಯನ್ನು ತಿರುಗಿಸಿಟ್ಟು ಬಾಗಿಲತ್ತ ಹೊರಟಿದ್ದಳು. ಕ್ಯಾಂಟೀನು ಈಗ ಅದೇ ಮಹಡಿಗೆ ಬಂದಿತ್ತು. ಬ್ಲೇಡಕ್ಕನ ಮಂಡಿ ನೋಯುತ್ತಿತ್ತು. ಕೂಡಿ ಕಳೆದರೆ ಹೊತ್ತು ಹಿಂದಿನಷ್ಟೇ ಆಗುತ್ತಿತ್ತು.

“ಅಕ್ಕ, ಎಷ್ಟಕ್ಕೆ ಇಟ್ಟೆ?”

“ಹನ್ನೊಂದು.”

“ಆರು ಸಾಕು ಅಂತ ನೀನೇ ಸಹಿ ಹಾಕಿದೀಯಲ್ಲೇ!”

“ಅಚ್ಚಿಗೆ ಸಾಕು,” ಎಂದಳು ಬ್ಲೇಡಕ್ಕ. “ಚಹಾಗೆ ಸಾಲಲ್ಲ. ಎದ್ದೇಳು, ಆರಿ ಹೋಗುತ್ತೆ.”